ಸೂಪರ್ ಮಾರ್ಕೆಟ್‌ನ ಬಾಗಿಲಿಗೆ ಮೂರು ಬೀಗ

(ಜಕ್ಕೂರಿನಲ್ಲಿ ದಿನಸಿ ವ್ಯಾಪಾರಿಗಳು ಮತ್ತು ಯುವಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಬೇರೆ ಬೇರೆ ಸಮುದಾಯಗಳ ವ್ಯಾಪಾರಿ ಬಂಧುಗಳೂ ಇಲ್ಲಿ ನೆರೆದಿದ್ದೀರಿ.

ನನ್ನನ್ನು ಈ ಸಭೆಗೆ ಆಹ್ವಾನಿಸಿದ ಯುವಕರು ಒಂದು ಪ್ರಶ್ನೆಯನ್ನು ಮುಂದಿಟ್ಟಿದ್ದರು. ಜಕ್ಕೂರು, ಅಮೃತಹಳ್ಳಿ, ಸಂಪಿಗೆಹಳ್ಳಿ, ಥಣಿಸಂದ್ರಗಳ ಹನ್ನೊಂದು ಮಂದಿ ದಿನಸಿ ವ್ಯಾಪಾರಿಗಳು ತಮ್ಮ ಉಳಿತಾಯವನ್ನು ಒಂದೆಡೆ ಸೇರಿಸಿ ಸೂಪರ್ ಮಾರ್ಕೆಟ್ ತೆರೆಯುವ ಯೋಚನೆಯಲ್ಲಿದ್ದಾರೆ. "ದೊಡ್ಡ ಕಂಪೆನಿಗಳ ಮಳಿಗೆಗಳ ಮುಂದೆ ಪ್ರತಿದಿನ ಸಂಜೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಅದೇ ಅಕ್ಕಿ, ಅದೇ ಬೇಳೆ, ಅದೇ ಸೋಪು. ನಾವೇಕೆ ತೆರೆಯಬಾರದು?" ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಹನ್ನೊಂದು ಮನೆಗಳ ಉಳಿತಾಯದ ವಿಷಯ ಇದಾಗಿರುವುದರಿಂದ ಚಪ್ಪಾಳೆ ಗಿಟ್ಟಿಸುವ ಉತ್ತರವನ್ನು ನಾನು ಕೊಡಲಾರೆ. ಯಾವ ಬಾಗಿಲಿಗೆ ಯಾವ ಬೀಗ ಬಿದ್ದಿದೆ ಎಂಬುದನ್ನು ಮೊದಲು ಅರಿತುಕೊಳ್ಳೋಣ. ಬೀಗವನ್ನು ಅರಿಯದೆ ಬಾಗಿಲಿಗೆ ತಲೆ ಕೊಟ್ಟರೆ ಒಡೆಯುವುದು ತಲೆಯೇ ಹೊರತು ಬಾಗಿಲಲ್ಲ.

ವ್ಯಾಪಾರಿಗಳನ್ನು ಕೇಳಿದರೆ, "ಪರವಾನಗಿಗಳ ಕಾಟವೇ ದೊಡ್ಡ ಅಡ್ಡಿ" ಎನ್ನುತ್ತಾರೆ. ಪಾಲಿಕೆಯ ವ್ಯಾಪಾರ ಪರವಾನಗಿ, 2006ರ ಕಾಯ್ದೆಯ ಪ್ರಕಾರ ಆಹಾರ ಸುರಕ್ಷತೆಯ ನೋಂದಣಿ, ತೂಕ ಮತ್ತು ಅಳತೆಯ ಮುದ್ರೆ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 2017ರಿಂದ ಜಿಎಸ್‌ಟಿ. 2025ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ "ನಗದು ಮಾತ್ರ" ಎಂಬ ಫಲಕ ತೂಗಿದ್ದನ್ನು ತಾವೆಲ್ಲ ಕಂಡಿದ್ದೀರಿ. ಈ ಕಾಗದಪತ್ರಗಳ ಹೊರೆ ಸುಳ್ಳಲ್ಲ. ನೂರು ಮಳಿಗೆಗಳ ಕಂಪೆನಿಗೆ ಇದನ್ನು ನೋಡಿಕೊಳ್ಳಲು ಒಂದು ಕಚೇರಿಯೇ ಇರುತ್ತದೆ. ಒಂದು ಅಂಗಡಿಯ ಮಾಲಿಕ ಅರ್ಧ ದಿನ ಬಾಗಿಲು ಹಾಕಿ ತಾನೇ ಓಡಾಡಬೇಕಾಗುತ್ತದೆ. ಆದರೂ ಇದು ದಾಟಬಹುದಾದ ಹೊಸ್ತಿಲು. ನಿಜವಾದ ಬೀಗಗಳು ಅದರಾಚೆಗಿವೆ. ಒಂದು ಜಾಗದ ಬೀಗ, ಎರಡು ಸರಕಿನ ಬೀಗ, ಮೂರು ನಷ್ಟವನ್ನು ತಾಳಿಕೊಳ್ಳುವ ಶಕ್ತಿಯ ಬೀಗ.

ಮೊದಲನೆಯದಾಗಿ ಜಾಗ. ಜಕ್ಕೂರು ಎಂದರೆ ಕೆರೆ, ಹೊಲ ಮತ್ತು ವಿಮಾನ ತರಬೇತಿ ಶಾಲೆ ಎಂದಿದ್ದ ಕಾಲವನ್ನು ಇಲ್ಲಿರುವ ಹಿರಿಯರು ಬಲ್ಲರು. 2003ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅರ್ಕಾವತಿ ಬಡಾವಣೆಗಾಗಿ ಅಧಿಸೂಚನೆ ಹೊರಡಿಸಿದ ಹಳ್ಳಿಗಳಲ್ಲಿ ಜಕ್ಕೂರೂ ಒಂದು. 2007ರಲ್ಲಿ ಬ್ಯಾಟರಾಯನಪುರ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲಂತೂ ಬಳ್ಳಾರಿ ರಸ್ತೆಯ ಇಕ್ಕೆಲಗಳ ನೆಲಕ್ಕೆ ಚಿನ್ನದ ಬೆಲೆ ಬಂತು. ಸೂಪರ್ ಮಾರ್ಕೆಟ್‌ಗೆ ಅಗಲವಾದ ರಸ್ತೆ ಬೇಕು, ವಾಹನ ನಿಲ್ಲಿಸಲು ಸ್ಥಳ ಬೇಕು, ವಾಣಿಜ್ಯ ಬಳಕೆಗೆ ಅನುಮತಿಯಿರುವ ಕಟ್ಟಡ ಬೇಕು. ಒಳರಸ್ತೆಯ ಮನೆಯ ಕೆಳಮಹಡಿಯಲ್ಲಿ ಸಣ್ಣ ಅಂಗಡಿ ನಡೆಯಬಹುದು, ಸೂಪರ್ ಮಾರ್ಕೆಟ್ ನಡೆಯದು. ಇಂತಹ ಕಟ್ಟಡಗಳು ಒಂದು ಬಡಾವಣೆಯಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಮೊದಲು ಬಂದವನು ಅವುಗಳನ್ನು ದೀರ್ಘಾವಧಿಯ ಕರಾರಿನಲ್ಲಿ ಹಿಡಿದುಕೊಂಡರೆ ತರುವಾಯ ಬಂದವನಿಗೆ ಉಳಿಯುವುದೇನು?

ಲೆಕ್ಕಕ್ಕಾಗಿ ಹೀಗೆ ಭಾವಿಸಿ. ಮೂರು ಸಾವಿರ ಚದರಡಿಯ ಮಳಿಗೆಗೆ ಚದರಡಿಗೆ 60 ರೂಪಾಯಿಯಂತೆ ತಿಂಗಳಿಗೆ 1 ಲಕ್ಷ 80 ಸಾವಿರ ಬಾಡಿಗೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳಿದರೆ 18 ಲಕ್ಷ ರೂಪಾಯಿ. ಒಂದು ಕಿಲೋ ಅಕ್ಕಿ ಕೊಳ್ಳುವುದಕ್ಕೆ ಮುಂಚೆಯೇ ಅಷ್ಟು ಹಣ ಕಟ್ಟಡದಲ್ಲಿ ಕೂತುಬಿಟ್ಟಿತು. ದಿನಸಿಯಲ್ಲಿ ನೂರಕ್ಕೆ 12 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ ಕೇವಲ ಬಾಡಿಗೆ ಹುಟ್ಟಿಸಲು ತಿಂಗಳಿಗೆ 15 ಲಕ್ಷ, ಅಂದರೆ ದಿನಕ್ಕೆ 50 ಸಾವಿರ ರೂಪಾಯಿಯ ವ್ಯಾಪಾರವಾಗಬೇಕು. ಸಂಬಳ, ವಿದ್ಯುತ್ತು, ಕೊಳೆತ ತರಕಾರಿ, ಕಳವು ಇವೆಲ್ಲ ಅದರ ಮೇಲೆ.

ಜಾಗದ ಕೀಲಿ ಕೈ ಯಾರಲ್ಲಿದೆಯೋ ವ್ಯಾಪಾರವೂ ಅವರದೇ ಎಂಬುದಕ್ಕೆ ನಮ್ಮ ಕಣ್ಣೆದುರಿಗೇ ನಿದರ್ಶನವಿದೆ. ದೇಶದಾದ್ಯಂತ ಹೆಸರಾಗಿದ್ದ ಬಿಗ್ ಬಜಾರ್‌ನ ಒಡೆತನದ ಫ್ಯೂಚರ್ ಸಮೂಹವು 2020ರಲ್ಲಿ ತನ್ನ ವ್ಯವಹಾರವನ್ನು ರಿಲಯನ್ಸ್‌ಗೆ ಮಾರಲು ಒಪ್ಪಂದ ಮಾಡಿಕೊಂಡಿತು. ಅಮೆಝಾನ್ ಕಂಪೆನಿ ತಕರಾರು ತೆಗೆಯಿತು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಈ ಮಧ್ಯೆ ಬಾಡಿಗೆ ಕಟ್ಟಲಾಗದ ಮಳಿಗೆಗಳ ಕರಾರುಗಳು ರಿಲಯನ್ಸ್‌ನ ಹೆಸರಿಗೆ ಬಂದವು. ನ್ಯಾಯಾಲಯದಲ್ಲಿ ವಾದ ನಡೆಯುತ್ತಿರುವಾಗಲೇ, 2022ರ ಫೆಬ್ರವರಿಯಲ್ಲಿ ರಿಲಯನ್ಸ್ ಆ ಮಳಿಗೆಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳತೊಡಗಿತು. ಏಪ್ರಿಲ್‌ನಲ್ಲಿ ಸಾಲ ನೀಡಿದ್ದ ಬ್ಯಾಂಕುಗಳು ಒಪ್ಪದೆ ಮಾರಾಟದ ಒಪ್ಪಂದವೇ ಬಿದ್ದುಹೋಯಿತು. ಒಪ್ಪಂದ ಬಿದ್ದರೂ ಮಳಿಗೆಗಳು ಹಿಂದಿರುಗಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿ-ಮಾರ್ಟ್ ಸಾಧ್ಯವಾದಷ್ಟೂ ಕಟ್ಟಡಗಳನ್ನು ತಾನೇ ಖರೀದಿಸುತ್ತಾ ಬಂತು. ಹದಿನೈದು ವರ್ಷಗಳ ಬಳಿಕ 2017ರಲ್ಲಿ ಶೇರು ಮಾರುಕಟ್ಟೆಗೆ ಬಂದಾಗ ಅದರ ಮಳಿಗೆಗಳು ಸುಮಾರು 130 ಮಾತ್ರ. ನಿಧಾನವಾಗಿ ಬೆಳೆಯಿತು, ಆದರೆ ನೆಲ ಅದರದೇ ಆಗಿತ್ತು. ಅಂತಹ ಬಂಡವಾಳ ನಮ್ಮಲ್ಲಿ ಎಷ್ಟು ಜನರ ಬಳಿ ಇದೆ?

ಬ್ರಿಟನ್ನಿನಲ್ಲಿ ಅಲ್ಲಿನ ಸ್ಪರ್ಧಾ ಆಯೋಗವು 2008ರಲ್ಲಿ ದಿನಸಿ ಮಾರುಕಟ್ಟೆಯ ಕುರಿತು ಸುದೀರ್ಘ ವರದಿಯೊಂದನ್ನು ಪ್ರಕಟಿಸಿತು. ದೊಡ್ಡ ಕಂಪೆನಿಗಳು ತಮಗೆ ಬೇಡವಾದ ನಿವೇಶನವನ್ನು ಮಾರುವಾಗ "ಇಲ್ಲಿ ದಿನಸಿ ಮಳಿಗೆ ತೆರೆಯಕೂಡದು" ಎಂಬ ಷರತ್ತನ್ನು ಕ್ರಯಪತ್ರದಲ್ಲೇ ಸೇರಿಸುತ್ತಿದ್ದವು. ಕಟ್ಟಡದ ಮಾಲಿಕನೊಡನೆ "ಬೇರೆ ದಿನಸಿ ವ್ಯಾಪಾರಿಗೆ ಬಾಡಿಗೆಗೆ ಕೊಡಕೂಡದು" ಎಂಬ ಕರಾರು ಮಾಡಿಕೊಳ್ಳುತ್ತಿದ್ದವು. 2010ರಲ್ಲಿ ಒಂದು ಆದೇಶದ ಮೂಲಕ ಇದಕ್ಕೆ ಕಡಿವಾಣ ಹಾಕಲಾಯಿತು. ಆದರೂ ಟೆಸ್ಕೊ ಕಂಪೆನಿಯು ಆ ಆದೇಶವನ್ನು 23 ಬಾರಿ ಉಲ್ಲಂಘಿಸಿದೆ ಎಂದು 2023ರಲ್ಲಿ ಅಲ್ಲಿನ ಪ್ರಾಧಿಕಾರ ಪ್ರಕಟಿಸಿತು. ನ್ಯೂಜಿಲೆಂಡ್ 2022ರಲ್ಲಿ ಇಂತಹ ಷರತ್ತುಗಳನ್ನು ಕಾನೂನಿನ ಮೂಲಕವೇ ನಿಷೇಧಿಸಿತು. ಬಂಡವಾಳಶಾಹಿ ರಾಷ್ಟ್ರಗಳೆಂದು ನಾವು ಬೈಯುವ ದೇಶಗಳೇ ಹೊಸಬನಿಗೆ ಜಾಗ ಸಿಗಬೇಕೆಂದು ಇಷ್ಟು ಎಚ್ಚರ ವಹಿಸುತ್ತಿರುವಾಗ ನಮ್ಮ ನಗರಗಳಲ್ಲಿ ಈ ಕುರಿತು ಚರ್ಚೆಯೇ ಆರಂಭವಾಗಿಲ್ಲ.

ಎರಡನೆಯದು ಸರಕಿನ ಬೀಗ. ಸೋಪು, ಎಣ್ಣೆ, ಬಿಸ್ಕತ್ತುಗಳ ಕಂಪೆನಿಯು ನಮ್ಮ ದಿನಸಿ ಅಂಗಡಿಗೆ ವಿತರಕನ ಮೂಲಕ ಮಾರುತ್ತದೆ. ವಿತರಕನ ಪಾಲು ಕಳೆದು ನಮಗೆ ಉಳಿಯುವುದು ಕೆಲವು ಕಾಸು. ನೂರಾರು ಮಳಿಗೆಗಳ ಜಾಲವು ಕಂಪೆನಿಯಿಂದಲೇ ನೇರವಾಗಿ ಕೊಳ್ಳುತ್ತದೆ. ಕಣ್ಣಿಗೆ ಬೀಳುವ ಕಪಾಟಿನಲ್ಲಿ ಸರಕು ಇಟ್ಟಿದ್ದಕ್ಕೆ ಪ್ರತ್ಯೇಕ ಹಣ, ವರ್ಷದ ಕೊನೆಗೆ ಮಾರಾಟದ ಪ್ರಮಾಣಕ್ಕೆ ತಕ್ಕ ರಿಯಾಯಿತಿ, ಹೊಸ ಉತ್ಪನ್ನವನ್ನು ಒಳಗೆ ಬಿಟ್ಟುಕೊಂಡಿದ್ದಕ್ಕೆ ಇನ್ನಷ್ಟು. ಆದುದರಿಂದಲೇ ನೀವು ಕೊಂಡ ಬೆಲೆಗಿಂತ ಕಡಿಮೆ ಬೆಲೆಗೆ ಅವರು ಮಾರುವ ವಿಚಿತ್ರವನ್ನು ನೀವು ದಿನವೂ ಕಾಣುತ್ತೀರಿ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ವಿತರಕರು ಹಿಂದೂಸ್ತಾನ್ ಯೂನಿಲಿವರ್ ಮತ್ತು ಕೋಲ್ಗೇಟ್ ಕಂಪೆನಿಗಳ ಕೆಲವು ಉತ್ಪನ್ನಗಳ ವಿತರಣೆಯನ್ನು ನಿಲ್ಲಿಸುವ ಚಳವಳಿ ಹೂಡಿದ್ದು ಇದೇ ಕಾರಣಕ್ಕೆ. ದೊಡ್ಡ ಸಗಟು ಜಾಲಗಳಿಗೆ ಒಂದು ಬೆಲೆ, ತಮಗೆ ಇನ್ನೊಂದು ಬೆಲೆ ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಹನ್ನೊಂದು ಜನ ಸೇರಿ ತೆರೆಯುವ ಒಂದೇ ಒಂದು ಮಳಿಗೆಗೂ ವಿತರಕನ ಬೆಲೆಯೇ ಗತಿ. ಹವಾನಿಯಂತ್ರಣ ಹಾಕಿಸಿದ ಮಾತ್ರಕ್ಕೆ ಕಂಪೆನಿ ಬೆಲೆ ಇಳಿಸುವುದಿಲ್ಲ.

ಮೂರನೆಯದು ನಷ್ಟವನ್ನು ತಾಳುವ ಶಕ್ತಿ. ಹೊಸ ಮಳಿಗೆಗೆ ಗಿರಾಕಿಗಳು ಒಗ್ಗಿಕೊಳ್ಳಲು ಸಮಯ ಬೇಕು. ಅಲ್ಲಿಯವರೆಗೆ ಬಾಡಿಗೆ, ಸಂಬಳಗಳನ್ನು ಕೈಯಿಂದ ಹಾಕಬೇಕು. 1997ರಲ್ಲಿ ಚೆನ್ನೈಯಲ್ಲಿ ಆರಂಭವಾದ ಸುಭಿಕ್ಷಾ ಬೆಂಗಳೂರಿಗೂ ಬಂದಿತ್ತು. 2008ರ ಹೊತ್ತಿಗೆ ದೇಶದಲ್ಲಿ ಸುಮಾರು 1,600 ಮಳಿಗೆಗಳಿದ್ದ ಆ ಸಂಸ್ಥೆ 2009ರಲ್ಲಿ ನಗದು ಬತ್ತಿ, ಸಂಬಳ ಬಾಡಿಗೆಗಳನ್ನೂ ಕೊಡಲಾಗದೆ ಮುಚ್ಚಿಹೋಯಿತು. ಗಿರಾಕಿಗಳಿರಲಿಲ್ಲವೆಂದಲ್ಲ, ಓಡಿದ ವೇಗಕ್ಕೆ ತಕ್ಕ ಉಸಿರು ಇರಲಿಲ್ಲ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಫ್ಯಾಬ್‌ಮಾಲ್ ಸರಣಿಯನ್ನು ಅದರ ಸ್ಥಾಪಕರು ಕೊನೆಗೆ ಆದಿತ್ಯ ಬಿರ್ಲಾ ಸಮೂಹಕ್ಕೆ ಒಪ್ಪಿಸಬೇಕಾಯಿತು. ಅವರೇ 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿದರು. 2021ರಲ್ಲಿ ಅದರ ಬಹುಪಾಲು ಟಾಟಾ ಸಮೂಹದ ಕೈಸೇರಿತು. ಬುದ್ಧಿ, ಅನುಭವ, ಶ್ರಮ ಯಾವುದರಲ್ಲೂ ಕಡಿಮೆಯಿಲ್ಲದವರ ಸ್ಥಿತಿಯೇ ಹೀಗಾದರೆ ನಮ್ಮ ಸ್ಥಿತಿಯೇನೆಂದು ಯೋಚಿಸಿ.

ಈಗಂತೂ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಹಾಲು, ಮೊಟ್ಟೆ ತಲುಪಿಸುವ ಕಂಪೆನಿಗಳು ಬಂದಿವೆ. ಹೂಡಿಕೆದಾರರ ಹಣದಿಂದ ವರ್ಷಗಟ್ಟಲೆ ನಷ್ಟ ತುಂಬಿಕೊಂಡೇ ಅವು ಬೆಳೆದವು. ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿ ಸ್ಪರ್ಧಿಗಳನ್ನು ಮುಗಿಸುತ್ತಿವೆ ಎಂದು ವಿತರಕರ ಅಖಿಲ ಭಾರತ ಒಕ್ಕೂಟವು 2024ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮೊರೆ ಹೋಯಿತು. ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಗಮನಿಸಬೇಕು. 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಮು ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿ ಎದುರಾಳಿಯನ್ನು ಮುಗಿಸುವುದನ್ನು ತಪ್ಪೆಂದು ಹೇಳುತ್ತದೆ. ಆದರೆ ಹಾಗೆ ಮಾಡಿದವನು ಮಾರುಕಟ್ಟೆಯಲ್ಲಿ ಪ್ರಾಬಲ್ಯ ಹೊಂದಿದವನಾಗಿರಬೇಕು. ಮೂರು ನಾಲ್ಕು ಕಂಪೆನಿಗಳು ಮಾರುಕಟ್ಟೆಯನ್ನು ಹಂಚಿಕೊಂಡು, ಎಲ್ಲವೂ ಬೆಲೆ ಇಳಿಸಿದರೆ ಯಾವುದೊಂದನ್ನೂ ಪ್ರಬಲನೆಂದು ಬೆರಳು ತೋರಿಸಲಾಗದು. ಕೂಡು ಪ್ರಾಬಲ್ಯ ಎಂಬುದನ್ನು ನಮ್ಮ ಕಾಯ್ದೆ ಗುರುತಿಸುವುದಿಲ್ಲ. ಒಬ್ಬ ಹೊಡೆದರೆ ಅಪರಾಧ, ನಾಲ್ವರು ಹೊಡೆದರೆ ಸ್ಪರ್ಧೆ ಎಂಬಂತಾಗಿದೆ.

ಸಹೋದರರೇ, ಇಷ್ಟು ಹೇಳಿ ಕೂತುಬಿಟ್ಟರೆ ನಿಮಗೆ ಹಿತವೆನಿಸಬಹುದು. ಆದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಹೊಸಬರ ಮುಂದೆ ಬೀಗ ಜಡಿಯುವ ಕೆಲಸವನ್ನು ದೊಡ್ಡವರು ಮಾತ್ರ ಮಾಡಿಲ್ಲ.

2003ರಲ್ಲಿ ಜರ್ಮನಿಯ ಮೆಟ್ರೊ ಕಂಪೆನಿಯು ಭಾರತದಲ್ಲಿ ತನ್ನ ಮೊದಲ ಸಗಟು ಮಳಿಗೆಗಳನ್ನು ತೆರೆದದ್ದು ನಮ್ಮ ಬೆಂಗಳೂರಿನಲ್ಲಿ. ಅವುಗಳಲ್ಲಿ ಒಂದು ಇಲ್ಲೇ ಯಶವಂತಪುರದಲ್ಲಿದೆ. ಆಗ ವರ್ತಕರ ಸಂಘಗಳಿಂದ ತೀವ್ರ ಪ್ರತಿಭಟನೆ ನಡೆಯಿತು. 1966ರ ಎಪಿಎಂಸಿ ಕಾಯ್ದೆಯ ಪ್ರಕಾರ ಅಧಿಸೂಚಿತ ಕೃಷಿ ಉತ್ಪನ್ನಗಳ ಸಗಟು ವ್ಯಾಪಾರ ಮಾರುಕಟ್ಟೆ ಪ್ರಾಂಗಣದಲ್ಲಿ, ಪರವಾನಗಿ ಇದ್ದವರ ಮೂಲಕವೇ ನಡೆಯಬೇಕಿತ್ತು. ರೈತನಿಂದ ನೇರವಾಗಿ ಕೊಳ್ಳಬಯಸಿದ್ದ ಮೆಟ್ರೊಗೆ ಆ ಕಾಯ್ದೆಯೇ ತಡೆಗೋಡೆಯಾಯಿತು. ವಿದೇಶಿ ಕಂಪೆನಿಗೆ ತಡೆಯಾಯಿತೆಂದು ನಾವು ಸಂತೋಷಪಟ್ಟೆವು. ಆದರೆ ಅದೇ ಗೋಡೆ ನಮ್ಮ ಬಡ ತರಕಾರಿ ವ್ಯಾಪಾರಿಯ ಮಗನಿಗೂ ಗೋಡೆಯಾಗಿತ್ತು. ಯಾರ್ಡಿನಲ್ಲಿ ಮಂಡಿ ಇದ್ದವನಿಗೆ ಅದು ಆಸ್ತಿ, ಇಲ್ಲದವನಿಗೆ ಕನಸು.

ಮದ್ರಸದಲ್ಲಿ ಕ್ರಯವಿಕ್ರಯದ ಅಧ್ಯಾಯವನ್ನು ಓದಿದವರಿಗೆ ಒಂದು ವಿಧಿ ನೆನಪಿರಬಹುದು. ಹಳ್ಳಿಯಿಂದ ಸರಕು ತರುವವನನ್ನು ಪೇಟೆ ತಲುಪುವ ಮುನ್ನವೇ ದಾರಿಯಲ್ಲಿ ಎದುರುಗೊಂಡು ಕೊಳ್ಳುವುದು ನಿಷಿದ್ಧ. ಪೇಟೆಯ ಬೆಲೆ ತಿಳಿಯದವನು ಮೋಸಹೋಗಬಾರದು ಎಂಬುದು ಅದರ ಆಶಯ. ಎಪಿಎಂಸಿ ಕಾಯ್ದೆಯ ಮೂಲ ಆಶಯವೂ ಬಹುಮಟ್ಟಿಗೆ ಅದೇ ಆಗಿತ್ತು. ರೈತನನ್ನು ಕಾಯಲೆಂದು ಕಟ್ಟಿದ ಗೋಡೆಯೊಳಗೆ ಕೆಲವೇ ಮಂದಿ ಕೂತು, ಒಳಗೆ ಬರುವವರನ್ನು ಆರಿಸತೊಡಗಿದರೆ ಆಶಯ ಹೊರಗುಳಿಯುತ್ತದೆ. ಮುಂದೆ ಆದದ್ದೇನು? ಇಪ್ಪತ್ತು ವರ್ಷ ಈ ಎಲ್ಲ ಅಡೆತಡೆಗಳನ್ನು ದಾಟಿದ ಮೆಟ್ರೊ ತನ್ನ ಭಾರತದ ವ್ಯವಹಾರವನ್ನು 2,850 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರಿತು. 2023ರಲ್ಲಿ ಆ ಮಾರಾಟ ಪೂರ್ಣಗೊಂಡಿತು. 2003ರಲ್ಲಿ ಬೀದಿಗಿಳಿದ ವ್ಯಾಪಾರಿಗೆ ದೊರೆತದ್ದು ಬೇರೊಬ್ಬ ದೊಡ್ಡ ಎದುರಾಳಿ, ಅಷ್ಟೆ.

ಗಿರಾಕಿಯ ಮಾತನ್ನೂ ಕೇಳಬೇಕು. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಬರುವ ತಾಯಿ ಎಣ್ಣೆಯ ಪ್ಯಾಕೆಟ್ಟು ಹತ್ತು ರೂಪಾಯಿ ಅಗ್ಗ ಸಿಗುವಲ್ಲಿಗೆ ಹೋದರೆ ಆಕೆಯನ್ನು ದೂರುವ ಹಕ್ಕು ನಮಗಿಲ್ಲ. ತಿಂಗಳ ಕೊನೆಯಲ್ಲಿ ಉದ್ದರಿ ಕೊಡುವವರು ನಾವೇ ಎಂಬುದು ನಿಜ. ಬಿಲ್ಲು ಕೇಳಿದರೆ ಮುಖ ಸಿಂಡರಿಸುವವರೂ, ದಿನಾಂಕ ಮುಗಿದ ಪೊಟ್ಟಣವನ್ನು ಮುಂದಿಡುವವರೂ ನಮ್ಮಲ್ಲಿಯೇ ಇದ್ದಾರೆ. ಆದ್ದರಿಂದ "ದೊಡ್ಡವರನ್ನು ಓಡಿಸಿ, ನಮ್ಮನ್ನು ಉಳಿಸಿ" ಎಂಬ ಬೇಡಿಕೆ ನಿಲ್ಲುವುದಿಲ್ಲ. ನಾವು ಕೇಳಬೇಕಾದದ್ದು ಎಲ್ಲರಿಗೂ ತೆರೆದ ಬಾಗಿಲು. ನಾಳೆ ನಮ್ಮ ಎದುರು ಅಂಗಡಿ ತೆರೆಯುವ ಬಡ ಹುಡುಗನಿಗೂ ಅದು ತೆರೆದಿರಬೇಕು.

ಹಾಗಾದರೆ ದಾರಿ? ಜರ್ಮನಿಯಲ್ಲಿ ಇಂದು ಅತಿದೊಡ್ಡ ಸೂಪರ್ ಮಾರ್ಕೆಟ್ ಸಮೂಹವಾಗಿರುವ ಎಡೆಕಾ ಹುಟ್ಟಿದ್ದು 1898ರಲ್ಲಿ, ಬರ್ಲಿನ್ನಿನ ಕೆಲವು ಸಣ್ಣ ದಿನಸಿ ವ್ಯಾಪಾರಿಗಳು ಕಟ್ಟಿಕೊಂಡ ಖರೀದಿ ಸಹಕಾರ ಸಂಘವಾಗಿ. ಅವರು ಮೊದಲು ಒಟ್ಟಾಗಿ ಮಾರಲು ಹೊರಡಲಿಲ್ಲ, ಒಟ್ಟಾಗಿ ಕೊಂಡರು. ಬೆಂಗಳೂರಿನಲ್ಲಿ ನಾವು ಕಾಣುವ ಸ್ಪಾರ್ ಎಂಬ ಫಲಕದ ಮೂಲವೂ 1932ರಲ್ಲಿ ನೆದರ್ಲೆಂಡಿನ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳು ಮಾಡಿಕೊಂಡ ಇಂತಹದೇ ಕೂಟ. ಅಷ್ಟು ದೂರ ಏಕೆ, 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ಅದಕ್ಕೆ ನಗರದ ಮೂಲೆ ಮೂಲೆಗಳಲ್ಲಿ ಸಾರ್ವಜನಿಕ ಜಾಗದಲ್ಲಿ ಮಳಿಗೆಗಳು ದೊರೆತವು. ಅಂದರೆ ಜಾಗದ ಬೀಗವನ್ನು ಸರ್ಕಾರ ಮನಸ್ಸು ಮಾಡಿದರೆ ತೆರೆಯಬಲ್ಲುದು.

ಆದ್ದರಿಂದ ಆ ಹನ್ನೊಂದು ಮಂದಿಗೆ ನನ್ನ ಉತ್ತರ ಇದು. ಸೂಪರ್ ಮಾರ್ಕೆಟ್ ಕೊನೆಯ ಮೆಟ್ಟಿಲಾಗಲಿ. ಮೂರು ಬೀಗಗಳಲ್ಲಿ ಇಂದು ನಿಮ್ಮ ಕೈಗೆ ನಿಲುಕುವುದು ಸರಕಿನ ಬೀಗ ಒಂದೇ. ಹನ್ನೊಂದು ಅಂಗಡಿಗಳು ಈಗಿರುವಲ್ಲಿಯೇ ಇರಲಿ. ಖರೀದಿ ಮಾತ್ರ ಒಂದಾಗಲಿ. ಪ್ರತಿಯೊಬ್ಬನೂ ಬೇರೆ ಬೇರೆ ಲಗೇಜ್ ಆಟೋದಲ್ಲಿ ಯಶವಂತಪುರ ಯಾರ್ಡಿಗೆ ಹೋಗಿ ಎರಡು ಮೂಟೆ ತರುವ ಬದಲು ಒಂದು ಲಾರಿ ಅಕ್ಕಿ ಬೇಳೆ ಒಟ್ಟಿಗೆ ಬರಲಿ. ಬಳ್ಳಾರಿ ರಸ್ತೆಯ ಬಾಡಿಗೆಯ ಗೊಡವೆಯಿಲ್ಲ, ಒಳರಸ್ತೆಯಲ್ಲಿ ಒಂದು ಗೋದಾಮು ಸಾಕು. ಹನ್ನೊಂದು ಮಂದಿ ಇಪ್ಪತ್ತಾಗಿ, ಐವತ್ತಾದ ದಿನ ಕಂಪೆನಿಯ ಪ್ರತಿನಿಧಿ ತಾನಾಗಿ ಬಂದು ಬೆಲೆ ಮಾತನಾಡುತ್ತಾನೆ. ನಷ್ಟವಾದರೂ ಹನ್ನೊಂದು ಮನೆ ಒಟ್ಟಿಗೆ ಮುಳುಗುವುದಿಲ್ಲ. ಬಡ್ಡಿಯ ಸಾಲವನ್ನು ಬೇಡವೆನ್ನುವವರಿಗೂ ಇದರಲ್ಲಿ ಅವಕಾಶವಿದೆ, ಏಕೆಂದರೆ ಇದಕ್ಕೆ ಬೇಕಾದದ್ದು ದೊಡ್ಡ ಬಂಡವಾಳಕ್ಕಿಂತ ಮೊದಲು ಹೊಂದಾಣಿಕೆ.

ಆದರೆ ಒಂದು ಷರತ್ತು. 2019ರ ಜೂನ್ ತಿಂಗಳಲ್ಲಿ ಐಎಂಎ ಕುಸಿದುಬಿದ್ದಾಗ ಈ ನಗರದ ಸಾವಿರಾರು ಕುಟುಂಬಗಳು, ಅದರಲ್ಲೂ ನಮ್ಮ ಸಮುದಾಯದವರು, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಕಳೆದುಕೊಂಡು ಶಿವಾಜಿನಗರದ ಬೀದಿಯಲ್ಲಿ ಕಣ್ಣೀರಿಟ್ಟದ್ದನ್ನು ನಾವು ಮರೆಯಕೂಡದು. ನಂಬಿಕೆಯ ಹೆಸರಿನಲ್ಲಿ ಹಣ ಕೂಡಿಸುವುದು ಸುಲಭ, ಲೆಕ್ಕ ಒಪ್ಪಿಸುವುದು ಕಷ್ಟ. ಆದುದರಿಂದ ಬಾಯಿಮಾತಿನ ಕೂಟ ಬೇಡ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಇದೆ, 1997ರ ಸೌಹಾರ್ದ ಸಹಕಾರಿ ಕಾಯ್ದೆ ಇದೆ. ನೋಂದಾಯಿಸಿ. ವರ್ಷ ವರ್ಷ ಲೆಕ್ಕಪರಿಶೋಧನೆ ಮಾಡಿಸಿ. ಖರೀದಿಯ ಬಿಲ್ಲನ್ನು ಗೋದಾಮಿನ ಗೋಡೆಗೆ ಅಂಟಿಸಿ. ಗಡ್ಡ, ಟೋಪಿ, ವಂಶ, ಪರಿಚಯ ಇವಾವುವೂ ಲೆಕ್ಕಪುಸ್ತಕಕ್ಕೆ ಬದಲಿಯಾಗಲಾರವು. ಸದಸ್ಯತ್ವವನ್ನು ನಮ್ಮ ಸಮುದಾಯಕ್ಕೆ ಸೀಮಿತಗೊಳಿಸಬೇಡಿ. ಪಕ್ಕದ ಬೀದಿಯ ಶೆಟ್ಟರೂ ಗೌಡರೂ ಇದೇ ವಿತರಕನ ಬೆಲೆಯಲ್ಲಿ ನರಳುತ್ತಿರುವವರು.

ಇನ್ನುಳಿದ ಎರಡು ಬೀಗಗಳನ್ನು ತೆರೆಸಲು ಸರ್ಕಾರದ ಬಾಗಿಲು ತಟ್ಟಬೇಕು. ಬಿಡಿಎ ಮತ್ತು ಪಾಲಿಕೆಯ ವಾಣಿಜ್ಯ ಸಂಕೀರ್ಣಗಳಲ್ಲಿ ಸಣ್ಣ ವ್ಯಾಪಾರಿಗಳ ನೋಂದಾಯಿತ ಸಹಕಾರ ಸಂಘಗಳಿಗೆ ಒಂದು ಪಾಲು ಮೀಸಲಿಡಲಿ. ಬೇರೆ ದಿನಸಿ ವ್ಯಾಪಾರಿಗೆ ಕೊಡಕೂಡದೆಂಬ ಷರತ್ತು ಬಾಡಿಗೆ ಕರಾರಿನಲ್ಲಿದ್ದರೆ ಅದು ಅಸಿಂಧುವಾಗಲಿ. ಒಂದೇ ಪ್ರಮಾಣದ ಖರೀದಿಗೆ ಒಂದೇ ಬೆಲೆ ಎಂಬ ನಿಯಮ ಬರಲಿ. ಕೂಡು ಪ್ರಾಬಲ್ಯವನ್ನು ಗುರುತಿಸುವಂತೆ ಸ್ಪರ್ಧಾ ಕಾಯ್ದೆಗೆ ತಿದ್ದುಪಡಿಯಾಗಲಿ. ಚುನಾವಣೆಯ ಸಮಯದಲ್ಲಿ ನಮ್ಮ ಬೀದಿಗೆ ಬರುವ ಅಭ್ಯರ್ಥಿಯ ಮುಂದೆ ಚರಂಡಿ, ದೀಪಗಳ ಜೊತೆಗೆ ಈ ನಾಲ್ಕು ಬೇಡಿಕೆಗಳನ್ನೂ ಇಡೋಣ.

ಬಂಧುಗಳೇ, ಮುಂಜಾನೆ ನಾಲ್ಕಕ್ಕೆ ಎದ್ದು ಯಾರ್ಡಿಗೆ ಹೋಗುವವನ ಶ್ರಮಕ್ಕೆ ಕೊರತೆಯಿಲ್ಲ. ನಾಳೆ ಅದೇ ಹೊತ್ತಿಗೆ ಹೋಗುವಾಗ ಪಕ್ಕದ ಅಂಗಡಿಯವನ ಬಾಗಿಲನ್ನೂ ಒಮ್ಮೆ ತಟ್ಟಿ, "ನಿನಗೆಷ್ಟು ಮೂಟೆ ಬೇಕು?" ಎಂದು ಕೇಳಿ. ಕೆಲಸ ಅಲ್ಲಿಂದಲೇ ಆರಂಭವಾಗಲಿ.